ಕಡ ಕೊಟ್ಟರೂ ಮನೆಯಲ್ಲೇ ಉಳಿಯುವ ಅಚ್ಚು

ಸಂಕ್ರಾಂತಿ ಸಮೀಪಿಸಿದಂತೆ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದುಂಟು. ಮರದ ಅಚ್ಚಿಗೆ ಕಾದ ಪಾಕವನ್ನು ಹೊಯ್ದು ಆರಿಸಿದರೆ ಆನೆ, ಗಿಳಿ, ತುಳಸಿಕಟ್ಟೆಗಳು ಮೂಡುವುವು. ಅಚ್ಚು ಇಲ್ಲದವರು ನೆರೆಮನೆಯಿಂದ ಕಡ ತರುವರು. ಇಲ್ಲಿ ಆಕಾರವನ್ನು ಕೊಡುವ ಅಚ್ಚು ಬೇರೆ, ಆಕಾರವನ್ನು ತಳೆಯುವ ಸಕ್ಕರೆ ಬೇರೆ. ಅಚ್ಚು ನೆರೆಯವರದು, ಸಕ್ಕರೆ ನಮ್ಮದು. ಈ ಭೇದವನ್ನು ನೆನಪಿನಲ್ಲಿಟ್ಟರೆ, ಅಂತರಜಾಲದಲ್ಲಿ ಬೆಳೆದಿರುವ ಒಂದು ಹೊಸ ಬಗೆಯ ಪೇಟೆಯ ಸ್ವರೂಪವು ಸುಲಭವಾಗಿ ತಿಳಿಯುವುದು.

ಆ ಪೇಟೆಯಲ್ಲಿ ದೊರೆಯುವುದು ವಸ್ತುವಲ್ಲ, ವಸ್ತುವಿನ ವಿನ್ಯಾಸ. ಮೂರು ಆಯಾಮದ ಮುದ್ರಣಯಂತ್ರವುಳ್ಳವರು ವಿನ್ಯಾಸದ ಕಡತವನ್ನು ಇಳಿಸಿಕೊಂಡು ವಸ್ತುವನ್ನು ತಾವೇ ಮಾಡಿಕೊಳ್ಳುವರು. ೨೦೦೮ರಲ್ಲಿ ಅಮೆರಿಕದಲ್ಲಿ ಆರಂಭವಾದ ಥಿಂಗಿವರ್ಸ್ ಉಚಿತ ವಿನ್ಯಾಸಗಳಿಗೆ ಹೆಸರಾಯಿತು. ಫ್ರಾನ್ಸಿನ ಕಲ್ಟ್ಸ್, ಲಂಡನ್ನಿನ ಮೈಮಿನಿಫ್ಯಾಕ್ಟರಿ ಮೊದಲಾದವುಗಳಲ್ಲಿ ಬೆಲೆ ತೆತ್ತು ಕೊಳ್ಳಬೇಕಾದ ವಿನ್ಯಾಸಗಳೂ ಉಂಟು.

ಒಂದು ಆಕಾರವನ್ನು ಕಡತದಲ್ಲಿ ಅಡಗಿಸುವುದು ಹೇಗೆ? ಬಹುವಾಗಿ ಬಳಕೆಯಲ್ಲಿರುವ ಎಸ್‌ಟಿಎಲ್ ಕ್ರಮದಲ್ಲಿ ವಸ್ತುವಿನ ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ವಿಂಗಡಿಸಿ, ಪ್ರತಿಯೊಂದರ ಮೂರು ಮೂಲೆಗಳ ಸ್ಥಾನವನ್ನು ಅಂಕೆಗಳಲ್ಲಿ ದಾಖಲಿಸುವರು. ಚೆಂಡು ಕೂಡ ಇಲ್ಲಿ ತ್ರಿಕೋನಗಳ ಕೂಟವೇ. ತ್ರಿಕೋನಗಳು ಹೆಚ್ಚಿದಷ್ಟೂ ಅದು ನುಣುಪಾಗುವುದು. ಆದರೆ ಈ ಕಡತದಲ್ಲಿ ಅಂಕೆಗಳಿರುವುವೇ ಹೊರತು ಅಳತೆಯ ಮಾನವಿರುವುದಿಲ್ಲ. ಮಿಲಿಮೀಟರಿನಲ್ಲಿ ರಚಿಸಿದುದನ್ನು ಅಂಗುಲವೆಂದು ಓದಿದರೆ ವಸ್ತು ೨೫.೪ ಪಟ್ಟು ಉದ್ದವಾಗುವುದು! ಬಳಿಕ ಇನ್ನೊಂದು ತಂತ್ರಾಂಶವು ಈ ಆಕಾರವನ್ನು ತೆಳುವಾದ ಪದರಗಳಾಗಿ ಕೊಯ್ಯುವುದು. ಪದರದ ದಪ್ಪ ೦.೨ ಮಿ.ಮೀ. ಆದರೆ, ೨೦ ಮಿ.ಮೀ. ಎತ್ತರದ ವಸ್ತುವಿಗೆ ೧೦೦ ಪದರಗಳು ಬೇಕು. ಯಂತ್ರವು ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿದ ಪ್ಲಾಸ್ಟಿಕ್ಕಿನ ಎಳೆಯಿಂದ ಪದರದ ಮೇಲೆ ಪದರವನ್ನು ಹಾಸುವುದು.

ಗುಂಡ್ಲುಪೇಟೆಯ ಶಾಲೆಯೊಂದರ ಸೂಕ್ಷ್ಮದರ್ಶಕವನ್ನು ಹೊಂದಿಸುವ ಹಿಡಿ ಮುರಿಯಿತೆಂದು ಭಾವಿಸೋಣ. ಆ ಚೂರಿಗಾಗಿ ಇಡೀ ಉಪಕರಣ ಮೂಲೆ ಸೇರಬೇಕಾದುದಿಲ್ಲ. ತಕ್ಕ ವಿನ್ಯಾಸ ದೊರೆತು, ಚಾಮರಾಜನಗರದಲ್ಲೊಂದು ಯಂತ್ರವಿದ್ದರೆ, ಹೊಸ ಹಿಡಿ ಕೆಲವು ಗಂಟೆಗಳಲ್ಲಿ ಸಿದ್ಧವಾಗುವುದು. ೨೦೧೬ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಿಂದ ದೇಶದ ಅನೇಕ ಶಾಲೆಗಳಿಗೆ ಇಂಥ ಯಂತ್ರಗಳು ಬಂದಿವೆ.

ಇದಕ್ಕಿಂತ ದೊಡ್ಡ ಉಪಕಾರವೂ ಈ ಹಂಚಿಕೆಯಿಂದ ಆಗಿದೆ. ೨೦೧೧ರಲ್ಲಿ ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವಾನ್ ಆಸ್ ಅಪಘಾತದಲ್ಲಿ ಬೆರಳುಗಳನ್ನು ಕಳೆದುಕೊಂಡರು. ಅವರೂ ಅಮೆರಿಕದ ಐವನ್ ಓವೆನ್ ಅವರೂ ದೂರದೂರದಲ್ಲಿದ್ದುಕೊಂಡೇ ಕೃತಕ ಕೈಯೊಂದನ್ನು ರೂಪಿಸಿ, ೨೦೧೩ರಲ್ಲಿ ಅದರ ವಿನ್ಯಾಸವನ್ನು ಥಿಂಗಿವರ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅನ್ಯರು ಅದನ್ನು ತಿದ್ದಿ ಬೆಳೆಸಿದರು.

ಮರದ ಅಚ್ಚನ್ನು ಕಡ ಕೊಟ್ಟರೆ ಅದು ಹಿಂದಿರುಗುವವರೆಗೆ ನಮ್ಮ ಮನೆಯಲ್ಲಿರುವುದಿಲ್ಲ. ಕಡತದ ಅಚ್ಚಾದರೋ ಸಾವಿರ ಮಂದಿಗೆ ಕೊಟ್ಟರೂ ನಮ್ಮಲ್ಲಿಯೇ ಉಳಿಯುವುದು. ಅದರ ಹಿರಿಮೆಯೂ ಇದೇ, ತೊಡಕೂ ಇದೇ. ೨೦೧೬ರಲ್ಲಿ ವ್ಯಾಪಾರಿಯೊಬ್ಬರು ಥಿಂಗಿವರ್ಸ್‌ನ ಅನೇಕ ವಿನ್ಯಾಸಗಳಿಂದ ವಸ್ತುಗಳನ್ನು ಮಾಡಿ, ಕರ್ತೃಗಳ ಒಪ್ಪಿಗೆಯಿಲ್ಲದೆ ಇಬೇ ಪೇಟೆಯಲ್ಲಿ ಮಾರಾಟಕ್ಕಿಟ್ಟರು. ಅವುಗಳಲ್ಲೊಂದಾದ ಪುಟ್ಟ ಡ್ರ್ಯಾಗನ್ನಿನ ವಿನ್ಯಾಸವನ್ನು ಮಾರಾಟಕ್ಕೆ ಬಳಸಕೂಡದೆಂದು ಅದರ ಕರ್ತೃ ಮೊದಲೇ ತಿಳಿಸಿದ್ದರು. ದೊಡ್ಡ ವಿವಾದವೇ ಎದ್ದಿತು.

ಆದುದರಿಂದ ಉಚಿತವೆಂದರೆ ಒಡೆತನವಿಲ್ಲದುದೆಂದು ತಿಳಿಯಬಾರದು. ಪ್ರತಿ ವಿನ್ಯಾಸದ ಜೊತೆಗೂ ಸಾಮಾನ್ಯವಾಗಿ ಒಂದು ಪರವಾನಗಿಯಿರುವುದು. ಕ್ರಿಯೇಟಿವ್ ಕಾಮನ್ಸ್ ಎಂಬ ಬಗೆಯಲ್ಲಿ ಮುಖ್ಯವಾದ ಷರತ್ತುಗಳು ಇವು: ಕರ್ತೃವಿನ ಹೆಸರನ್ನು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಮಾರ್ಪಡಿಸಿದರೆ ಅದೇ ಷರತ್ತಿನಲ್ಲಿ ಹಂಚಬೇಕು, ಇಲ್ಲವೇ ಮಾರ್ಪಡಿಸಿದುದನ್ನು ಹಂಚಲೇಬಾರದು. ಇವುಗಳಲ್ಲಿ ಯಾವುವು ಅನ್ವಯಿಸಬೇಕೆಂಬುದನ್ನು ಕರ್ತೃವೇ ಆರಿಸುವನು.

ಬಳಸುವವನಿಗೂ ವಿವೇಕ ಬೇಕು. ಪಿಎಲ್‌ಎ ಎಂಬ ಸಾಮಾನ್ಯ ಪ್ಲಾಸ್ಟಿಕ್ ಸುಮಾರು ೬೦ ಡಿಗ್ರಿಯಲ್ಲಿಯೇ ಮೆದುವಾಗುವುದು. ಬಿಸಿ ತಗಲುವ ಭಾಗಗಳಿಗೆ ಅದು ಸಲ್ಲದು. ವಿನ್ಯಾಸವು ಎಷ್ಟು ಮಂದಿಯ ಮೆಚ್ಚುಗೆ ಪಡೆದಿದ್ದರೂ ಅದು ಭಾರ ತಡೆಯುವುದೆಂಬ ಭರವಸೆಯಿಲ್ಲ.

ಬೇಕಾದ ಹಿಡಿಯ ವಿನ್ಯಾಸ ಎಲ್ಲಿಯೂ ದೊರೆಯದಿದ್ದರೆ? ಭೌತವಿಜ್ಞಾನದ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಮುರಿದ ಚೂರನ್ನು ಅಳೆದರೆ, ವಿದ್ಯಾರ್ಥಿಯೇ ಅದನ್ನು ರಚಿಸಬಹುದು. ಅಳತೆಯ ಮಾನವನ್ನೂ ಪರವಾನಗಿಯನ್ನೂ ಸ್ಪಷ್ಟವಾಗಿ ಬರೆದು ಅದನ್ನು ಹಂಚಿದರೆ, ಅಂಥದೇ ಸೂಕ್ಷ್ಮದರ್ಶಕವುಳ್ಳ ಮತ್ತೊಂದು ಊರಿನ ಶಾಲೆ ಅದನ್ನು ಮತ್ತೆ ಅಳೆಯಬೇಕಾಗಿ ಬರುವುದಿಲ್ಲ.