ಇನ್‌ವಿಟ್ ಯೂನಿಟ್ ಕೊಳ್ಳುವ ಮೊದಲು: ಆಸ್ತಿ ಎಷ್ಟು, ಅದರ ಮೇಲೆ ಸಾಲ ಎಷ್ಟು?



ನಿವೃತ್ತರಾದ ನಮ್ಮ ಸದಸ್ಯರು ಈಚೆಗೆ ಸಂಘದಲ್ಲಿ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಒಂದಿದೆ. ಪಿಎಫ್, ಗ್ರಾಚ್ಯುಟಿ ಎಂದು ಕೈಗೆ ಬಂದ ಹಣವನ್ನು ಬ್ಯಾಂಕ್ ಠೇವಣಿಯಲ್ಲಿ ಇಡುವ ಬದಲು ಇನ್‌ವಿಟ್ ಯೂನಿಟ್‌ಗಳಲ್ಲಿ ಹಾಕಿ, ಹೆಚ್ಚು ಬರುತ್ತದೆ ಎಂದು ಏಜೆಂಟರು ಹೇಳುತ್ತಿದ್ದಾರೆ, ಹಾಕಬಹುದೇ? ಹಾಕಿ ಅಥವಾ ಬೇಡ ಎಂದು ಹೇಳುವ ಅಧಿಕಾರ ನಮ್ಮ ಸಂಘಕ್ಕಿಲ್ಲ. ಆದರೆ ಇಂಥ ನಿಧಿಯ ವರದಿಯನ್ನು ಹೇಗೆ ಓದಬೇಕು, ಅದರಲ್ಲೂ ಸಾಲದ ಲೆಕ್ಕವನ್ನು ಹೇಗೆ ನೋಡಬೇಕು ಎಂಬುದನ್ನು ತಿಳಿಸಬಹುದು. ಹೊಸೂರಿನವರಾದ ನಮಗೆ ಈ ಲೆಕ್ಕ ಅಷ್ಟು ದೂರದ ವಿಷಯವೂ ಅಲ್ಲ.

ಇನ್‌ವಿಟ್ ಎಂದರೇನು?

ರಸ್ತೆ, ವಿದ್ಯುತ್ ಮಾರ್ಗದಂಥ ದೊಡ್ಡ ಆಸ್ತಿಗಳನ್ನು ಒಂದು ಟ್ರಸ್ಟ್‌ನಡಿ ಸೇರಿಸಿ, ಅದರ ಪಾಲನ್ನು ಯೂನಿಟ್‌ಗಳಾಗಿ ಜನರಿಗೆ ಮಾರುವ ವ್ಯವಸ್ಥೆ ಇದು. ಕಚೇರಿ ಕಟ್ಟಡಗಳಿಗೆ ಇದೇ ಬಗೆಯ ವ್ಯವಸ್ಥೆಯನ್ನು ರೀಟ್ ಎನ್ನುತ್ತಾರೆ. ಎರಡಕ್ಕೂ ಸೆಬಿ 2014ರಲ್ಲಿ ನಿಯಮ ಮಾಡಿತು. ಹಂಚಲು ಲಭ್ಯವಿರುವ ನಗದಿನಲ್ಲಿ ಶೇ. 90ಕ್ಕೆ ಕಡಿಮೆಯಾಗದಂತೆ ಯೂನಿಟ್‌ದಾರರಿಗೆ ಕೊಡಬೇಕು ಎಂಬುದು ನಿಯಮ. ಮೊದಲು ಲಕ್ಷಗಟ್ಟಲೆ ಹಣವಿದ್ದವರು ಮಾತ್ರ ಕೊಳ್ಳಬಹುದಾಗಿತ್ತು. 2021ರಿಂದ ಒಂದೊಂದೇ ಯೂನಿಟ್ ಕೊಳ್ಳಬಹುದು. ಹೀಗಾಗಿ ಈಗ ಪಿಂಚಣಿದಾರರ ಮನೆ ಬಾಗಿಲಿಗೂ ಇದು ಬಂದಿದೆ.

2017ರಲ್ಲಿ ಷೇರುಪೇಟೆಗೆ ಬಂದ ಐಆರ್‌ಬಿ ಇನ್‌ವಿಟ್ ಫಂಡ್‌ನಲ್ಲಿದ್ದ ರಸ್ತೆಗಳಲ್ಲಿ ಎರಡನ್ನು ನಮ್ಮವರು ಚೆನ್ನಾಗಿ ಬಲ್ಲರು. ಒಂದು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂ ಕಡೆ ಹೋಗುವಾಗ ಸಿಗುವ ಓಮಲೂರು–ಸೇಲಂ–ನಾಮಕ್ಕಲ್ ರಸ್ತೆ. ಇನ್ನೊಂದು ತುಮಕೂರು–ಚಿತ್ರದುರ್ಗ ರಸ್ತೆ. ನಾವು ಅಲ್ಲಿ ಕಟ್ಟಿದ ಟೋಲ್ ಹಣವೇ, ಖರ್ಚು ಮತ್ತು ಸಾಲದ ಕಂತು ಕಳೆದು, ಯೂನಿಟ್‌ದಾರರ ಖಾತೆಗೆ ಹೋಗುವುದು. ಇಲ್ಲಿ "ಸಾಲದ ಕಂತು ಕಳೆದು" ಎಂಬ ಮಾತೇ ಮುಖ್ಯ.

ಮ್ಯೂಚುವಲ್ ಫಂಡ್‌ಗೂ ಇದಕ್ಕೂ ವ್ಯತ್ಯಾಸ

ಮ್ಯೂಚುವಲ್ ಫಂಡ್ ಸಾಲ ಮಾಡಿ ಹೂಡಿಕೆ ಮಾಡುವಂತಿಲ್ಲ. ಒಮ್ಮೆಲೇ ಬಹಳ ಜನ ಹಣ ವಾಪಸ್ ಕೇಳಿದಾಗ ಕೊಡಲು ಮಾತ್ರ, ನಿವ್ವಳ ಆಸ್ತಿಯ ಶೇ. 20ರ ಒಳಗೆ, ಹೆಚ್ಚೆಂದರೆ ಆರು ತಿಂಗಳಿಗೆ ಸಾಲ ಪಡೆಯಬಹುದು ಎಂದು ಸೆಬಿಯ 1996ರ ನಿಯಮಾವಳಿ ಮಿತಿ ಹಾಕಿತು. ಇನ್‌ವಿಟ್ ಹಾಗಲ್ಲ. ಅಲ್ಲಿ ದೀರ್ಘಾವಧಿ ಸಾಲ ಮೊದಲ ದಿನದಿಂದಲೇ ವ್ಯವಹಾರದ ಭಾಗ. "ಫಂಡ್" ಎಂಬ ಒಂದೇ ಹೆಸರು ನೋಡಿ ಎರಡೂ ಒಂದೇ ಎಂದುಕೊಳ್ಳಬಾರದು.

ಅನುಪಾತದ ಲೆಕ್ಕ

ಲೆಕ್ಕ ಸುಲಭ. ಒಟ್ಟು ಸಾಲದಿಂದ ಕೈಯಲ್ಲಿರುವ ನಗದನ್ನು ಕಳೆದು, ಉಳಿದದ್ದನ್ನು ಆಸ್ತಿಯ ಮೌಲ್ಯದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಆಸ್ತಿ 1,000 ಕೋಟಿ, ನಿವ್ವಳ ಸಾಲ 450 ಕೋಟಿ ಆದರೆ ಅನುಪಾತ ಶೇ. 45.

ಇನ್‌ವಿಟ್‌ಗೆ ಸೆಬಿ ಹಾಕಿರುವ ಮಿತಿ ಮೂರು ಮೆಟ್ಟಿಲಿನದು. ಶೇ. 25ರವರೆಗೆ ವಿಶೇಷ ಒಪ್ಪಿಗೆ ಬೇಕಿಲ್ಲ. ಅದನ್ನು ಮೀರಿ ಶೇ. 49ರವರೆಗೆ ಹೋಗಲು ರೇಟಿಂಗ್ ಬೇಕು, ಯೂನಿಟ್‌ದಾರರ ಒಪ್ಪಿಗೆಯೂ ಬೇಕು. 2019ರ ತಿದ್ದುಪಡಿಯ ನಂತರ ಶೇ. 70ರವರೆಗೂ ಹೋಗಬಹುದು, ಆದರೆ ಅತ್ಯುಚ್ಚ ಎಎಎ ರೇಟಿಂಗ್, ಸತತ ಆರು ಬಾರಿ ಹಣ ಹಂಚಿದ ದಾಖಲೆ ಮತ್ತು ಮೌಲ್ಯದ ಲೆಕ್ಕದಲ್ಲಿ ಶೇ. 75ರಷ್ಟು ಯೂನಿಟ್‌ದಾರರ ಒಪ್ಪಿಗೆ ಬೇಕು. ರೀಟ್‌ಗೆ ಮಿತಿ ಶೇ. 49.

ಈ ಶೇಕಡಾ ಏಕೆ ಮುಖ್ಯ? ಆಸ್ತಿ 100 ರೂಪಾಯಿ, ಸಾಲ 40 ರೂಪಾಯಿ ಎಂದುಕೊಳ್ಳೋಣ. ಯೂನಿಟ್‌ದಾರರ ಪಾಲು 60. ಆಸ್ತಿಯ ಮೌಲ್ಯ ಹತ್ತು ರೂಪಾಯಿ ಇಳಿದರೆ ಸಾಲ ಇಳಿಯುವುದಿಲ್ಲ, ನಮ್ಮ ಪಾಲು 50 ಆಗುತ್ತದೆ. ಅಂದರೆ ಸುಮಾರು ಶೇ. 17 ನಷ್ಟ. ಸಾಲ 70 ಇದ್ದಿದ್ದರೆ? ನಮ್ಮ ಪಾಲು 30ರಿಂದ 20ಕ್ಕೆ ಇಳಿಯುತ್ತಿತ್ತು. ಆಸ್ತಿಗೆ ಆದ ಪೆಟ್ಟು ಶೇ. 10, ನಮಗೆ ಬಿದ್ದ ಪೆಟ್ಟು ಶೇ. 33. ಆಸ್ತಿ ಏರಿದಾಗಲೂ ಲಾಭ ಇದೇ ರೀತಿ ಹಿಗ್ಗುತ್ತದೆ ನಿಜ. ಆದರೆ ಪಿಂಚಣಿಯ ಜೊತೆಗೆ ಇದನ್ನೇ ನಂಬಿಕೊಂಡವರು ಮೊದಲು ನೋಡಬೇಕಾದದ್ದು ಇಳಿತದ ಲೆಕ್ಕವನ್ನು.

ಶೇಕಡಾ ಹೇಳದಿರುವ ನಾಲ್ಕು ಸಂಗತಿಗಳು

ಅನುಪಾತ ಮಿತಿಯೊಳಗಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬಹುದೇ? ಇಲ್ಲ ಎಂಬುದೇ ಈ ಲೇಖನದ ಮುಖ್ಯ ಮಾತು.

ಮೊದಲನೆಯದು, ಆಸ್ತಿಯ ಆಯುಷ್ಯ. ಟೋಲ್ ರಸ್ತೆ ಟ್ರಸ್ಟ್‌ನ ಸ್ವಂತದ್ದಲ್ಲ. ಇಷ್ಟು ವರ್ಷ ಟೋಲ್ ವಸೂಲಿ ಮಾಡುವ ಹಕ್ಕು ಮಾತ್ರ ಅದರದು. ಅವಧಿ ಮುಗಿದ ಮೇಲೆ ರಸ್ತೆ ಸರ್ಕಾರಕ್ಕೆ ಮರಳುತ್ತದೆ. ಇದೇ ಐಆರ್‌ಬಿ ಇನ್‌ವಿಟ್‌ನಲ್ಲಿದ್ದ ಸುರತ್–ದಹಿಸರ್, ಭರೂಚ್–ಸುರತ್ ರಸ್ತೆಗಳು ಹೀಗೆಯೇ ಈಗಾಗಲೇ ಹೆದ್ದಾರಿ ಪ್ರಾಧಿಕಾರಕ್ಕೆ ಮರಳಿವೆ. ಆದ್ದರಿಂದ ಎರಡು ನಿಧಿಗಳ ಅನುಪಾತ ಶೇ. 45 ಎಂದೇ ಇದ್ದರೂ ಎರಡೂ ಒಂದೇ ಅಲ್ಲ. 450 ಕೋಟಿ ಸಾಲವನ್ನು 15 ವರ್ಷದಲ್ಲಿ ಸಮನಾಗಿ ತೀರಿಸುವುದಾದರೆ ವರ್ಷಕ್ಕೆ 30 ಕೋಟಿ ಅಸಲು. ಟೋಲ್ ಹಕ್ಕು ಐದೇ ವರ್ಷ ಉಳಿದಿದ್ದರೆ ವರ್ಷಕ್ಕೆ 90 ಕೋಟಿ. ಬಡ್ಡಿ ಬೇರೆ. ಸಾಲ ಮುಗಿಯುವುದು ಮೊದಲೋ, ಟೋಲ್ ಹಕ್ಕು ಮುಗಿಯುವುದು ಮೊದಲೋ ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಅನುಪಾತ ಎಷ್ಟೇ ಚೆನ್ನಾಗಿದ್ದರೂ ತಡೆದು ಯೋಚಿಸಬೇಕು.

ಎರಡನೆಯದು, ಮೌಲ್ಯ ಎಂಬುದು ಅಂದಾಜು. ಮುಂದೆ ಎಷ್ಟು ವಾಹನ ಓಡುತ್ತವೆ, ಟೋಲ್ ದರ ಎಷ್ಟು ಏರುತ್ತದೆ ಎಂದು ಊಹಿಸಿ ಸ್ವತಂತ್ರ ಮೌಲ್ಯಮಾಪಕರು ಆಸ್ತಿಗೆ ಬೆಲೆ ಕಟ್ಟುತ್ತಾರೆ. ಪಕ್ಕದಲ್ಲೇ ಹೊಸ ರಸ್ತೆ ಬಂದರೆ ಊಹೆ ಬದಲಾಗುತ್ತದೆ, ಮೌಲ್ಯ ಇಳಿಯುತ್ತದೆ. ಆಗ ಒಂದು ರೂಪಾಯಿ ಹೊಸ ಸಾಲ ಮಾಡದಿದ್ದರೂ ಅನುಪಾತ ಏರುತ್ತದೆ. ಆಸ್ತಿಯ ಬೆಲೆ ಇಳಿದು ಮಿತಿ ಮೀರಿದರೆ ಆರು ತಿಂಗಳಲ್ಲಿ ಸರಿಪಡಿಸಬೇಕೆಂದು ನಿಯಮವಿದೆ. ಸರಿಪಡಿಸಲು ಸಾಲ ತೀರಿಸಿದರೆ ಹಂಚುವ ಹಣ ಕಡಿಮೆಯಾಗಬಹುದು.

ಮೂರನೆಯದು, ಬಡ್ಡಿ. ಸಾಲ ನಿಗದಿತ ಬಡ್ಡಿಯದೋ, ಬದಲಾಗುವ ಬಡ್ಡಿಯದೋ ನೋಡಬೇಕು. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರವನ್ನು ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. 450 ಕೋಟಿ ಸಾಲವೆಲ್ಲ ಬದಲಾಗುವ ಬಡ್ಡಿಯದಾಗಿದ್ದು, ಏರಿಕೆ ಪೂರ್ತಿ ಅದರ ಮೇಲೆ ಬಿದ್ದರೆ, ವರ್ಷಕ್ಕೆ 11.25 ಕೋಟಿ ಹೆಚ್ಚು ಬಡ್ಡಿ. ಅದು ನಮಗೆ ಬರಬೇಕಾದ ಹಣದಿಂದಲೇ ಹೋಗುತ್ತದೆ. ಆದಾಯ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಕೋವಿಡ್ ಲಾಕ್‌ಡೌನ್ ಸಮಯದಲ್ಲಿ, 2020ರ ಮಾರ್ಚ್ ಕೊನೆಯಿಂದ ಏಪ್ರಿಲ್ 20ರವರೆಗೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಟೋಲ್ ವಸೂಲಿಯನ್ನೇ ನಿಲ್ಲಿಸಿದ್ದರು. 102 ರೂಪಾಯಿಗೆ ಬಿಡುಗಡೆಯಾಗಿದ್ದ ಐಆರ್‌ಬಿ ಇನ್‌ವಿಟ್ ಯೂನಿಟ್ ಆ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗೆ ಮಾರಾಟವಾಗುತ್ತಿತ್ತು. ಇದಕ್ಕೆ ಸಾಲವೊಂದೇ ಕಾರಣವಲ್ಲ. ಆದರೂ ಠೇವಣಿಗೂ ಯೂನಿಟ್‌ಗೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ನಾಲ್ಕನೆಯದು, ಪುಸ್ತಕದಲ್ಲಿ ಸಾಲ ಎಲ್ಲಿ ಬರೆದಿದೆ ಎಂಬುದು. ಜಮಾಖರ್ಚಿನ ಪಟ್ಟಿಯಲ್ಲಿ "ದೀರ್ಘಾವಧಿ ಸಾಲ" ಎಂಬ ಸಾಲನ್ನು ಮಾತ್ರ ನೋಡಿದರೆ ಸಾಲದು. ಬರುವ ಒಂದು ವರ್ಷದೊಳಗೆ ಕಟ್ಟಬೇಕಾದ ಭಾಗ ಅಲ್ಲಿಂದ ಹೊರಟು ಅಲ್ಪಾವಧಿ ಹೊಣೆಯ ಪಟ್ಟಿಗೆ ಹೋಗಿರುತ್ತದೆ. ಎರಡನ್ನೂ ಕೂಡಿಸಿದರೇ ಪೂರ್ತಿ ಲೆಕ್ಕ.

ಕೈಗೆ ಬಂದದ್ದೆಲ್ಲ ಲಾಭವಲ್ಲ

ಇನ್‌ವಿಟ್ ಹಂಚುವ ಹಣದಲ್ಲಿ ಬಡ್ಡಿ, ಡಿವಿಡೆಂಡ್ ಅಲ್ಲದೆ ನಮ್ಮ ಅಸಲಿನ ಒಂದು ಭಾಗವೂ ವಾಪಸ್ ಬರುತ್ತಿರಬಹುದು. ಪ್ರತಿ ಬಾರಿ ಹಣ ಬಂದಾಗ ಯಾವುದು ಎಷ್ಟು ಎಂಬ ವಿಂಗಡಣೆ ಕೊಡುತ್ತಾರೆ. "ವರ್ಷಕ್ಕೆ ಶೇ. 12 ಬರುತ್ತದೆ" ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಗಳಿಕೆ ಎಷ್ಟು, ನಮ್ಮದೇ ಅಸಲು ಎಷ್ಟು ಎಂದು ಕೇಳಬೇಕು. ಅಸಲು ತಿಂದು ಮುಗಿಸಿದ ಮೇಲೆ ಮುಂದಿನ ಖರ್ಚಿಗೆ ಏನೂ ಉಳಿಯುವುದಿಲ್ಲ.

ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ

ಟ್ರಸ್ಟ್‌ನ ವಾರ್ಷಿಕ ವರದಿ ಅದರ ಜಾಲತಾಣದಲ್ಲೂ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲೂ ಉಚಿತವಾಗಿ ಸಿಗುತ್ತದೆ. ಅದರಿಂದ ಆರು ವಿಷಯ ಬರೆದುಕೊಂಡರೆ ಸಾಕು: ಆಸ್ತಿಯ ಮೌಲ್ಯ ಮತ್ತು ಅದನ್ನು ಕಟ್ಟಿದ ದಿನಾಂಕ, ದೀರ್ಘಾವಧಿ ಮತ್ತು ಅಲ್ಪಾವಧಿ ಸೇರಿ ಒಟ್ಟು ಸಾಲ, ಸಾಲ ತೀರುವ ವರ್ಷ, ಪ್ರತಿ ರಸ್ತೆಯ ಟೋಲ್ ಹಕ್ಕು ಮುಗಿಯುವ ವರ್ಷ, ಬಡ್ಡಿಯ ಬಗೆ, ಹಂಚಿದ ಹಣದಲ್ಲಿ ಅಸಲಿನ ಪಾಲು. ಒಂದೇ ವರ್ಷದ್ದು ಸಾಲದು, ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾಲ ಏರುತ್ತಾ ಉಳಿದ ಅವಧಿ ಕಡಿಮೆಯಾಗುತ್ತಿದ್ದರೆ ಎಚ್ಚರ.

ವರದಿಗಳು ಇಂಗ್ಲಿಷ್‌ನಲ್ಲಿರುವುದರಿಂದ ನಮ್ಮ ಹಲವು ಹಿರಿಯರಿಗೆ ಓದಲು ತೊಡಕಾಗುತ್ತದೆ ಎಂಬುದು ನಮಗೆ ಗೊತ್ತಿದೆ. ಸಂಘದ ಮಾಸಿಕ ಸಭೆಗೆ ಬರುವಾಗ ವರದಿಯ ಪ್ರತಿ ತಂದರೆ ಕೂತು ಒಟ್ಟಿಗೆ ಓದೋಣ. ಏಜೆಂಟರು ಕೊಟ್ಟ ಫಾರಂಗೆ ಸಹಿ ಹಾಕುವ ಮೊದಲು ತನ್ನಿ, ಹಾಕಿದ ಮೇಲೆ ಅಲ್ಲ. ಕೊಳ್ಳುವ, ಬಿಡುವ ನಿರ್ಧಾರ ನಿಮ್ಮದು ಮತ್ತು ನಿಮ್ಮ ಮನೆಯವರದು. ಸೆಬಿ ನೋಂದಾಯಿತ ಸಲಹೆಗಾರರನ್ನೂ ಕೇಳಿ.

— ಕಾರ್ಯದರ್ಶಿ