ಕೊಡಗಿನ ಮಿಂಚೂ ಛಾಯಾಗ್ರಾಹಕನೂ

ಕನ್ನಡದಲ್ಲಿ ಮಿಂಚು, ಗುಡುಗು, ಸಿಡಿಲು ಎಂಬ ಮೂರು ಮಾತುಗಳು ಬೇರೆಬೇರೆಯಾಗಿಯೇ ಉಳಿದುಬಂದಿವೆ. ಕಣ್ಣಿಗೆ ಕಾಣುವ ಬೆಳಕು ಮಿಂಚು. ಕಿವಿಗೆ ಕೇಳುವ ಮೊಳಗು ಗುಡುಗು. ನೆಲಕ್ಕೆ ಬಂದೆರಗಿ ಮರವನ್ನು ಸೀಳುವುದು ಸಿಡಿಲು. ಮೂರೂ ಒಂದೇ ಘಟನೆಯ ಮೂರು ಮುಖಗಳೆಂಬುದು ಇಂದು ಸುವಿದಿತವಾದರೂ, ಅವನ್ನು ಬೇರ್ಪಡಿಸಿ ಹೆಸರಿಟ್ಟ ಹಿರಿಯರ ಸೂಕ್ಷ್ಮದೃಷ್ಟಿ ಮೆಚ್ಚತಕ್ಕುದೇ ಸರಿ. ಸಂಸ್ಕೃತದಲ್ಲಿ ಅಮರಸಿಂಹನು ಮಿಂಚಿಗೆ ಕೊಟ್ಟಿರುವ ಪರ್ಯಾಯಪದಗಳಲ್ಲಿ ಚಂಚಲಾ, ಚಪಲಾ, ಕ್ಷಣಪ್ರಭಾ ಎಂಬಿವು ಸೇರಿವೆ. ನಿಲ್ಲದಿರುವುದೇ ಅದರ ಲಕ್ಷಣವೆಂದು ಈ ಹೆಸರುಗಳ ಇಂಗಿತ. ಹಾಗೆ ನಿಲ್ಲದುದನ್ನು ನಿಲ್ಲಿಸಿ ನೋಡುವ ಉಪಾಯವು ಮನುಷ್ಯನಿಗೆ ದೊರೆತುದು ಛಾಯಾಗ್ರಹಣ ಕಲೆ ಹುಟ್ಟಿದ ಮೇಲೆ. ಈಗಂತೂ ಮನೆಮನೆಯಲ್ಲಿಯೂ ಚಿತ್ರ ತೆಗೆಯುವ ಮೊಬೈಲ್ ಇದೆ. ಮೋಡ ಕವಿದೊಡನೆ ಅದನ್ನು ಹಿಡಿದು ಅಂಗಳಕ್ಕೋ ಬೆಟ್ಟದ ನೆತ್ತಿಗೋ ಓಡುವ ತರುಣರಿಗೂ ಕೊರತೆಯಿಲ್ಲ. ಮಿಂಚಿನ ಚಿತ್ರವನ್ನು ತೆಗೆಯುವುದು ಹೇಗೆ, ಅದರಿಂದ ಲೋಕಕ್ಕೆ ತಿಳಿದುಬಂದುದೇನು, ತೆಗೆಯುವವನು ನಿಲ್ಲಬೇಕಾದ ಎಡೆ ಯಾವುದು ಎಂಬುದನ್ನು ಕೊಡಗಿನ ನೆಲವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಕೊಡಗೆಂದರೆ ಮಳೆ, ಮಳೆಯೆಂದರೆ ಗುಡುಗು ಸಿಡಿಲು ಎಂದು ಹೊರಗಿನವರು ಭಾವಿಸುವುದುಂಟು. ಇದು ಅರ್ಧಸತ್ಯ. ಭಾಗಮಂಡಲ, ತಲಕಾವೇರಿಗಳ ಸುತ್ತ ಹಗಲಿರುಳೆನ್ನದೆ ಹೊಯ್ಯುವ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಸಿಡಿಲು ವಿರಳ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳನ್ನು ಕುಸಿಯುವಂತೆ ಮಾಡಿದ ಮಳೆ ಈ ಮುಂಗಾರಿನ ಜಾತಿಯದು. ಅದು ಕೊಲ್ಲುವ ಬಗೆಯೇ ಬೇರೆ. ಸಿಡಿಲಿನ ಕಾಲಗಳು ಎರಡು. ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ ಬರುವ ರೇವತಿ, ಅಶ್ವಿನಿ, ಭರಣಿ, ಕೃತ್ತಿಕೆಗಳು ಒಂದು. ಅಕ್ಟೋಬರ್, ನವೆಂಬರುಗಳಲ್ಲಿ ಬರುವ ಚಿತ್ತಾ, ಸ್ವಾತಿಗಳು ಇನ್ನೊಂದು. ಕಾಫಿ ಬೆಳೆಗಾರನು ಆಕಾಶ ನೋಡುತ್ತ ಕಾಯುವ ಹೂಮಳೆಯನ್ನು ತರುವ ಮೋಡವೇ ಸಿಡಿಲನ್ನೂ ಹೊತ್ತು ತರುತ್ತದೆ.

ಇದಕ್ಕೆ ಕಾರಣ ಮೋಡದ ಎತ್ತರ. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ಎಡೆಬಿಡದೆ ಬೀಸಿ, ಘಟ್ಟವನ್ನೇರಿ, ನೀರನ್ನು ಸುರಿಸುತ್ತದೆ; ಆ ಮೋಡಗಳು ದಟ್ಟವಾದರೂ ಬಹಳ ಎತ್ತರಕ್ಕೆ ಏಳುವುದು ಕಡಿಮೆ, ಅವುಗಳೊಳಗಿನ ಮೇಲ್ಮುಖ ಗಾಳಿಯೂ ಮಂದ. ಬೇಸಗೆಯ ಸ್ಥಿತಿ ಹಾಗಲ್ಲ. ಹಗಲಿಡೀ ಕಾದ ನೆಲ, ಕಡಲಿನಿಂದ ಬಂದ ತೇವದ ಗಾಳಿ, ಮೇಲೆ ತಂಪು. ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಹೂಕೋಸಿನಂತೆ ಉಬ್ಬತೊಡಗಿದ ಮೋಡವು ಸಂಜೆಯೊಳಗೆ ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದು ನಿಲ್ಲಬಹುದು. ಸುಮಾರು 5 ಕಿಲೋಮೀಟರಿನಿಂದ ಮೇಲೆ ನೀರು ಹಿಮವಾಗುತ್ತದೆ. ಅಲ್ಲಿ ಮೆದುವಾದ ಆಲಿಕಲ್ಲುಗಳಿಗೂ ಸಣ್ಣ ಹಿಮಹರಳುಗಳಿಗೂ ಘರ್ಷಣೆ ನಡೆದು, ಹಗುರಾದ ಹರಳುಗಳು ಧನವಿದ್ಯುತ್ತನ್ನು ಹೊತ್ತು ಮೇಲಕ್ಕೂ, ಭಾರವಾದ ಆಲಿಕಲ್ಲುಗಳು ಋಣವಿದ್ಯುತ್ತನ್ನು ಹೊತ್ತು ಕೆಳಕ್ಕೂ ಸರಿಯುತ್ತವೆ. ನೀರಿನ ಮೋಡದೊಳಗೆ ಬೆಂಕಿಯನ್ನು ಹುಟ್ಟಿಸುವುದು ಹಿಮವೆಂಬುದು ವಿಚಿತ್ರವಾದರೂ ನಿಜ.

ಇಲ್ಲಿಂದ ಮುಂದಿನ ಕಥೆ ತಿಳಿದುದು ಛಾಯಾಚಿತ್ರಗಳ ಮೂಲಕ. ಹಿಂದಿನ ಚಿತ್ರಕಾರರು ಮಿಂಚನ್ನು ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಬರೆಯುತ್ತಿದ್ದರು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಿಲಿಯಂ ಜೆನ್ನಿಂಗ್ಸ್ ಎಂಬವನು 1882ರಲ್ಲಿ ಗಾಜಿನ ಫಲಕದ ಮೇಲೆ ಮಿಂಚಿನ ಚಿತ್ರವನ್ನು ಪಡೆದಾಗ ಅಲ್ಲಿ ಗರಗಸ ಕಾಣಲಿಲ್ಲ. ಉಪನದಿಗಳು ಕೂಡಿದ ಹೊಳೆಯ ನಕ್ಷೆ ಕಂಡಿತು. ಆದರೆ ಸಾಮಾನ್ಯ ಚಿತ್ರವು ಮಿಂಚಿನ ಆಕಾರವನ್ನು ತೋರೀತೇ ಹೊರತು ಅದರ ನಡೆಯನ್ನು ತೋರದು. ಮೊದಲು ಮೂಡಿದ ಬೆಳಕೂ ಅನಂತರ ಮೂಡಿದ ಬೆಳಕೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ವರ್ನನ್ ಬಾಯ್ಸ್ ಎಂಬ ವಿಜ್ಞಾನಿ ಇದಕ್ಕೊಂದು ಉಪಾಯ ಮಾಡಿದನು. ಎರಡು ಮಸೂರಗಳನ್ನು ವೇಗವಾಗಿ ತಿರುಗಿಸುವ ಕ್ಯಾಮೆರಾ ಅದು. ಬೇರೆಬೇರೆ ಕ್ಷಣದ ಬೆಳಕು ಫಲಕದ ಬೇರೆಬೇರೆ ಎಡೆಯಲ್ಲಿ ಬೀಳುತ್ತದೆ. ಅದನ್ನು ಹೊತ್ತು ತಿರುಗಿದ ಬಾಯ್ಸನಿಗೆ ಎಷ್ಟೋ ವರ್ಷ ತಕ್ಕ ಮಿಂಚು ಸಿಕ್ಕಲಿಲ್ಲವೆಂಬುದು ಈ ವಿದ್ಯೆಯ ಕಷ್ಟಕ್ಕೆ ಸಾಕ್ಷಿ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಷಾನ್‌ಲಂಡ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಅದೇ ಬಗೆಯ ಕ್ಯಾಮೆರಾದಿಂದ ಮಿಂಚಿನ ಗುಟ್ಟನ್ನು ಬಯಲಿಗೆ ತಂದರು.

ಅವರು ಕಂಡುದು ಇದು. ಮೊದಲು ಮೋಡದಿಂದ ಮಂಕಾದ ಎಳೆಯೊಂದು ಮೆಟ್ಟಿಲಿಳಿದಂತೆ, ಹೆಜ್ಜೆಗೆ ಸುಮಾರು 50 ಮೀಟರಿನಂತೆ, ನಿಂತು ನಿಂತು ಇಳಿಯುತ್ತದೆ. ಹಾದಿಯನ್ನು ಹುಡುಕುತ್ತ ಕವಲೊಡೆಯುವುದೂ ಆಗಲೇ. ಅದು ನೆಲವನ್ನು ಸಮೀಪಿಸಿದೊಡನೆ ಮರದ ತುದಿ, ಮನೆಯ ಮಾಡು, ಬಯಲಿನಲ್ಲಿ ನಿಂತ ಮನುಷ್ಯನ ತಲೆ, ಇವುಗಳಿಂದಲೂ ವಿದ್ಯುತ್ತಿನ ಎಳೆಗಳು ಮೇಲಕ್ಕೆ ಚಾಚುತ್ತವೆ. ಎರಡೂ ಸಂಧಿಸಿದಾಗ ಸಿದ್ಧವಾದ ಹಾದಿಯಲ್ಲಿ ಮಹಾಪ್ರಕಾಶವು ನೆಲದಿಂದ ಮೋಡದ ಕಡೆಗೆ ಏರುತ್ತದೆ. ಕಣ್ಣಿಗೆ ಇಳಿದಂತೆ ತೋರುವ ಮಿಂಚಿನ ಬೆಳಕು ವಾಸ್ತವದಲ್ಲಿ ಏರುವಂಥದು! ಆ ಕ್ಷಣದಲ್ಲಿ ಹಾದಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸಿಗೆ, ಎಂದರೆ ಸೂರ್ಯನ ಮೇಲ್ಮೈಯ ಐದು ಪಟ್ಟು ಶಾಖಕ್ಕೆ ಕಾಯ್ದು ಸ್ಫೋಟಿಸುತ್ತದೆ, ಅದೇ ಗುಡುಗು. ಒಂದೇ ಹಾದಿಯಲ್ಲಿ ಮೂರು ನಾಲ್ಕು ಬಾರಿ ಹೀಗೆ ನಡೆಯುವುದರಿಂದಲೇ ಮಿಂಚು ಮಿಣುಕಿದಂತೆ ಕಾಣುವುದು.

ಇನ್ನು ಚಿತ್ರ ತೆಗೆಯುವ ವಿಧಾನ. ಮಿಂಚನ್ನು ಕಂಡ ಮೇಲೆ ಗುಂಡಿ ಒತ್ತಿದರೆ ಪ್ರಯೋಜನವಿಲ್ಲ; ಬೆರಳು ಅಲುಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದುದರಿಂದ ಇರುಳಿನಲ್ಲಿ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ದೂರದ ದೀಪವೊಂದಕ್ಕೆ ಫೋಕಸ್ ಮಾಡಿ, ಷಟರನ್ನು ಹತ್ತಿಪ್ಪತ್ತು ಸೆಕೆಂಡು ತೆರೆದೇ ಇಟ್ಟು ಕಾಯತಕ್ಕದ್ದು. ಮಿಂಚೇ ಬಂದು ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ. ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಮಿಂಚಿನ ಹೊಳಪು ಹೆಚ್ಚದು, ಏಕೆಂದರೆ ಅದು ಇರುವುದೇ ಕ್ಷಣಮಾತ್ರ. ಹೆಚ್ಚುವುದು ಸುತ್ತಲಿನ ಊರದೀಪ, ಆಕಾಶಗಳ ಬೆಳಕು. ಮಿಂಚಿನ ಹೊಳಪನ್ನು ಹದಗೊಳಿಸುವುದು ಮಸೂರದ ಕಿಂಡಿಯ ಅಳತೆ. ಐಎಸ್‌ಒ 100ಕ್ಕೆ ಎಫ್ 8ರಷ್ಟು ಕಿಂಡಿ ಆರಂಭಕ್ಕೆ ಯೋಗ್ಯ. ಫಿಲ್ಮಿನ ಕಾಲದಲ್ಲಿ 36 ಚಿತ್ರಗಳ ಸುರುಳಿ ಮುಗಿದರೂ ಒಂದು ಮಿಂಚು ದಕ್ಕದೆ ಹೋಗುವುದಿತ್ತು. ಈಗ ಮೊಬೈಲಿನಲ್ಲಿ ವಿಡಿಯೋ ತೆಗೆದು, ಬೇಕಾದ ಒಂದು ಚೌಕಟ್ಟನ್ನು ಆರಿಸಿಕೊಂಡರೂ ಆದೀತು.

ಕೊಡಗಿನಲ್ಲಿ ತೊಡಕಿರುವುದು ಎಡೆಯ ವಿಷಯದಲ್ಲಿ. ಕಣಿವೆಯಲ್ಲಿ ನಿಂತವನಿಗೆ ಬೆಟ್ಟಗಳು ಮೋಡವನ್ನು ಮರೆಮಾಡುತ್ತವೆ. ಮಂಜು ಮಸೂರವನ್ನು ಮಬ್ಬಾಗಿಸುತ್ತದೆ. ಹಾಲೇರಿ ವಂಶದ ವೀರಶೈವ ಅರಸರು ಸೂರ್ಯಾಸ್ತವನ್ನು ನೋಡುತ್ತಿದ್ದರೆಂದು ಪ್ರಸಿದ್ಧವಾದ ಮಡಿಕೇರಿಯ ರಾಜಾಸೀಟು, ಮಾಂದಲಪಟ್ಟಿಯ ಹುಲ್ಲುಗಾವಲು, 1,748 ಮೀಟರ್ ಎತ್ತರದ ತಡಿಯಂಡಮೋಳ್ ಮುಂತಾದೆಡೆ ಆಕಾಶ ತೆರೆದಿರುತ್ತದೆ. ಆಸೆ ಅಲ್ಲಿಗೇ ಎಳೆಯುತ್ತದೆ. ಆದರೆ ಆಕಾಶವು ಮನುಷ್ಯನಿಗೆ ಚೆನ್ನಾಗಿ ಕಾಣುವ ಎಡೆಯಲ್ಲಿ ಮನುಷ್ಯನೂ ಆಕಾಶಕ್ಕೆ ಚೆನ್ನಾಗಿಯೇ ಕಾಣುತ್ತಾನೆ! ಬೋಳು ನೆತ್ತಿಯ ಮೇಲೆ ಸುತ್ತಮುತ್ತ ಅವನೇ ಎತ್ತರ. ಮೇಲಾಗಿ, ಹತ್ತಿರದ ಸಿಡಿಲು ಚಿತ್ರಕ್ಕೂ ಒಗ್ಗುವುದಿಲ್ಲ. ಕಣ್ಣು ಕೋರೈಸುವ ಬಿಳಿಯ ಕಲೆಯೂ ಮಳೆಯ ಪರದೆಯೂ ಮಾತ್ರ ಮೂಡುತ್ತವೆ. ಮೋಡದ ಬುಡದಿಂದ ನೆತ್ತಿಯವರೆಗೆ ಬೆಳಗುವ ಚಿತ್ರ ದೊರೆಯುವುದು ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ಮೋಡದಿಂದ. ಕುಶಾಲನಗರ, ಸೋಮವಾರಪೇಟೆಗಳ ಕಡೆ ಮೂಡಣಕ್ಕೆ ತೆರೆದ ಕಿಟಕಿಯೊಳಗೆ ಕ್ಯಾಮೆರಾವನ್ನಿಟ್ಟು, ಬಯಲುಸೀಮೆಯ ಮೇಲೆ ಮಿಂಚುವ ಮೋಡವನ್ನು ಹಿಡಿಯುವವನು ಒದ್ದೆಯಾಗದೆಯೇ ಉತ್ತಮ ಚಿತ್ರವನ್ನು ಪಡೆದಾನು.

ದೂರವನ್ನು ಅಳೆಯುವುದು ಸುಲಭ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಮೋಡವು 10 ಕಿಲೋಮೀಟರಿನೊಳಗಿದೆ, ಕೂಡಲೇ ಒಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಹೊರಬರಬಾರದು. ಗುಡುಗಿದಾಗ ಅರ್ಜುನ, ಫಲ್ಗುಣ, ಕಿರೀಟಿ ಎಂದು ಪಾರ್ಥನ ಹತ್ತು ಹೆಸರುಗಳನ್ನು ಹೇಳುವ ವಾಡಿಕೆ ಹಳ್ಳಿಗಳಲ್ಲಿ ಉಂಟು. ಹತ್ತನ್ನೂ ಹೇಳಲು ಆರು ಸೆಕೆಂಡು ಹಿಡಿಯುವುದಾದರೆ, ಮಿಂಚಿದೊಡನೆ ಆರಂಭಿಸಿ ಹೆಸರು ಮುಗಿಯುವಾಗ ಗುಡುಗಿದ ಸಿಡಿಲು ಎರಡು ಕಿಲೋಮೀಟರ್ ದೂರದ್ದು. ಹೆಸರುಗಳು ಸಿಡಿಲನ್ನು ತಡೆಯುವುದಿಲ್ಲ. ಹೇಳುವ ಮಗುವನ್ನು ಅಜ್ಜಿಯ ಮಗ್ಗುಲಲ್ಲಿ, ಮನೆಯೊಳಗೆ ಕೂರಿಸಿದ್ದು ಮಾತ್ರ ಸಣ್ಣ ಉಪಕಾರವಲ್ಲ.

ಸಿಡಿಲಿನ ಸಮೀಪಕ್ಕೆ ಹೋದ ಪಂಡಿತರೂ ಪಾರಾಗಲಿಲ್ಲ. ಬೆಂಜಮಿನ್ ಫ್ರಾಂಕ್ಲಿನನು ಹೇಳಿಕೊಟ್ಟ ಪ್ರಯೋಗವನ್ನು 1753ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಾಡಹೋದ ರಿಚ್‌ಮನ್ ಎಂಬ ವಿಜ್ಞಾನಿ ಪ್ರಾಣ ಕಳೆದುಕೊಂಡನು. ಭಾರತದಲ್ಲಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಬಹುಮಂದಿ ಹೊಲ ತೋಟಗಳಲ್ಲಿ ದುಡಿಯುವವರು, ದನ ಕಾಯುವವರು. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ನೀಳವಾದ ಸಿಲ್ವರ್ ಓಕ್ ಮರ ಮಳೆಗೆ ಆಸರೆಯೆಂದು ತೋರುತ್ತದೆ. ಆದರೆ ಮರಕ್ಕೆರಗಿದ ಸಿಡಿಲು ಬುಡದಲ್ಲಿರುವವನ ಮೈಗೆ ಹಾರುತ್ತದೆ. ಹಾರದಿದ್ದರೂ ನೆಲದಲ್ಲಿ ಹರಡಿ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಹೃದಯ. ಮರದಡಿ ನಿಂತ ಮಂದೆ ಒಟ್ಟಿಗೆ ಸಾಯುವುದು ಇದರಿಂದ. ಬೇಸಗೆಯಲ್ಲಿ ನೆರಳುಮರದ ಕೊಂಬೆ ಕಡಿಯಲು ಏಣಿ ಹತ್ತಿದ ಆಳನ್ನು ಮೊದಲ ಗುಡುಗಿಗೇ ಕೆಳಗಿಳಿಸುವುದು ತೋಟದೊಡೆಯನ ಹೊಣೆ. ಗೋಡೆಯಿಲ್ಲದ ತಗಡಿನ ಚಪ್ಪರ ಸಾಲದು. ಪಕ್ಕಾ ಮನೆ ಬೇಕು, ಇಲ್ಲವೆ ಗಾಜು ಏರಿಸಿದ ಕಾರು, ಜೀಪು. ವಾಹನವು ಕಾಪಾಡುವುದು ರಬ್ಬರಿನ ಚಕ್ರದಿಂದಲ್ಲ, ವಿದ್ಯುತ್ತು ಲೋಹದ ಹೊರಮೈಯಲ್ಲಿಯೇ ಹರಿದು ನೆಲ ಸೇರುವುದರಿಂದ. ಮೊಬೈಲು ಸಿಡಿಲನ್ನು ಸೆಳೆಯುವುದೆಂಬ ಮಾತು ಸುಳ್ಳು. ಅದನ್ನು ಹಿಡಿದು ಬಯಲಿನಲ್ಲಿ ನಿಲ್ಲುವುದು ಅಪಾಯ. ಅದೇ ಮೊಬೈಲಿನಲ್ಲಿ, ಪುಣೆಯ ಉಷ್ಣವಲಯದ ಹವಾಮಾನ ಸಂಶೋಧನ ಸಂಸ್ಥೆ ರೂಪಿಸಿದ ದಾಮಿನಿ ಎಂಬ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆಯನ್ನು ಕೊಡುತ್ತದೆ. ಅಮರಸಿಂಹನ ಸೌದಾಮಿನಿಗೆ ಹತ್ತಿರದ ಹೆಸರೇ.

ಸಿಡಿಲು ತಾಗಿದವನನ್ನು ಮುಟ್ಟಿದರೆ ಮುಟ್ಟಿದವನಿಗೂ ವಿದ್ಯುತ್ತು ಹರಿಯುವುದೆಂಬ ಭಯ ಹಲವರಲ್ಲಿದೆ. ಇದು ಆಧಾರವಿಲ್ಲದ್ದು, ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರೂ ನಾಡಿಯೂ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಬಾರಿ ಬಲವಾಗಿ ಒತ್ತುತ್ತಿರಬೇಕು. ಜೊತೆಯವರು 108ಕ್ಕೆ ಕರೆಮಾಡಬೇಕು. ಸಿಡಿಲು ಬಡಿದವರಲ್ಲಿ ಸಾಯುವವರಿಗಿಂತ ಉಳಿಯುವವರೇ ಹೆಚ್ಚು. ನಿಂತ ಹೃದಯವು ಎಷ್ಟೋ ವೇಳೆ ತಾನಾಗಿ ಮತ್ತೆ ಮಿಡಿಯತೊಡಗುತ್ತದೆ, ಉಸಿರು ಮಾತ್ರ ತಡವಾಗಿ ಮರಳುತ್ತದೆ. ಆ ನಡುವಣ ನಿಮಿಷಗಳಲ್ಲಿ ಪಕ್ಕದಲ್ಲಿದ್ದವನ ಕೈಗಳೇ ಅವನನ್ನು ಉಳಿಸಬೇಕಾದುವು.