ಕಡಲ ಕಾಳಗದ ಚಿತ್ರಕ್ಕೂ ಚಳ್ಳಕೆರೆಗೂ ಏನು ನಂಟು?

ಚಳ್ಳಕೆರೆ, ಮೊಳಕಾಲ್ಮೂರು ಅಂದರೆ ಮಳೆಗೆ ಮುಗಿಲು ನೋಡುವ ಸೀಮೆ. ಇಂಥ ಕಡೆ ಕೂತು ಹಡಗು, ಸಮುದ್ರ, ಬಾಂಬು ಅಂತ ಬರೆದರೆ ‘ಏನ್ ಸ್ವಾಮಿ, ಬಿಸಿಲು ತಲೆಗೇರಿತಾ?’ ಅಂತೀರಿ. ಸ್ವಲ್ಪ ತಾಳಿ.

ಚಿತ್ತಾರ ಅಂದರೆ ನಮಗೆ ಮೊಳಕಾಲ್ಮೂರು ಸೀರೆಯ ಹೂ, ಹಣ್ಣು, ಪ್ರಾಣಿಗಳು. ಎರಡನೇ ಮಹಾಯುದ್ಧ ಬೇರೆ ಥರದ ಚಿತ್ರ ಬರೆಸಿತು. ಸರಕಿನ ಹಡಗುಗಳು ಸಾಲಾಗಿ ಹೊರಟಿವೆ. ಸುತ್ತ ಯುದ್ಧನೌಕೆಗಳ ಕಾವಲು. ಮೇಲಿಂದ ವಿಮಾನಗಳು ಎರಗಿವೆ, ಬಾಂಬು ಬಿದ್ದಲ್ಲಿ ನೀರು ಗೋಪುರದಂತೆ ಎದ್ದಿದೆ. ಬ್ರಿಟನ್ನಿನ ನಾರ್ಮನ್ ವಿಲ್ಕಿನ್ಸನ್ ಎಂಬ ಕಲಾವಿದರು ಆ ಕಡಲಯುದ್ಧದ 50ಕ್ಕೂ ಹೆಚ್ಚು ಚಿತ್ರ ಬರೆದು ತಮ್ಮ ದೇಶಕ್ಕೆ ಕೊಟ್ಟರು.

ಚಿತ್ರದಲ್ಲಿರುವುದು ಕಟ್ಟುಕಥೆಯಲ್ಲ. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆ ಹೊತ್ತು ಹೊರಟ 14 ಹಡಗುಗಳಲ್ಲಿ ದಡ ಸೇರಿದ್ದು ಐದೇ ಐದು. ಪೆಟ್ಟು ತಿಂದ ‘ಓಹಿಯೋ’ ಎಂಬ ಎಣ್ಣೆ ಹಡಗನ್ನು, ಕಾಲು ಮುರಿದವನಿಗೆ ಇಬ್ಬರು ಹೆಗಲು ಕೊಟ್ಟಂತೆ, ಎರಡು ನೌಕೆಗಳ ನಡುವೆ ಕಟ್ಟಿಕೊಂಡು ಬಂದರಿಗೆ ತಂದರು.

ಅದು ಹಳೇ ಕಥೆ ಅಂತೀರಾ? 2023ರ ಡಿಸೆಂಬರ್ 23ರಂದು ಗುಜರಾತ್ ಕಡೆಯ ಸಮುದ್ರದಲ್ಲಿ ‘ಕೆಮ್ ಪ್ಲೂಟೊ’ ಎಂಬ ಹಡಗಿಗೆ ಡ್ರೋನ್ ಬಡಿದು ಬೆಂಕಿ ಹತ್ತಿತು. ಹಡಗು ಬರುತ್ತಿದ್ದುದು ನಮ್ಮ ಮಂಗಳೂರಿಗೆ! ಒಳಗಿದ್ದವರು ಬಹುಪಾಲು ಭಾರತೀಯರು. ಪುಣ್ಯಕ್ಕೆ ಜೀವ ಉಳಿಯಿತು. ಈಗ ಎರಗುವ ವಿಮಾನದಲ್ಲಿ ಪೈಲಟ್ಟೇ ಇಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿದೆ ನೋಡಿ ನಮ್ಮೂರಿನ ನಂಟು. ವರವು ಕಾವಲಿನಲ್ಲಿ ಡಿ.ಆರ್.ಡಿ.ಓ.ದ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. 2023ರ ಜೂನ್ 16ರ ಬೆಳಿಗ್ಗೆ 7.35ಕ್ಕೆ ಅಲ್ಲಿಂದ ‘ತಪಸ್’ ಎಂಬ ಪೈಲಟ್ ಇಲ್ಲದ ವಿಮಾನ ಹಾರಿತು. ಕಾರವಾರದಿಂದ 148 ಕಿ.ಮೀ. ದೂರದ ಕಡಲಲ್ಲಿದ್ದ ‘ಸುಭದ್ರಾ’ ನೌಕೆಯವರು 40 ನಿಮಿಷ ಅದರ ಲಗಾಮು ಹಿಡಿದರು. ಮೂರೂವರೆ ಗಂಟೆ ಹಾರಿ ವಿಮಾನ ಇಲ್ಲಿಗೇ ಬಂದಿಳಿಯಿತು. ಮೇಲಿಂದ ಕಡಲು ಕಾಯುವ ಕಣ್ಣಿಗೆ ನಮ್ಮ ಬಯಲೇ ಗೂಡಾಯಿತು.

ಹೆಮ್ಮೆ ಪಡೋಣ. ಲೆಕ್ಕವನ್ನೂ ಕೇಳೋಣ. ಆ ಕೇಂದ್ರಕ್ಕೆ ಹೋದದ್ದು 4,000 ಎಕರೆಗೂ ಹೆಚ್ಚು ಅಮೃತ ಮಹಲ್ ಕಾವಲು. ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಅದಕ್ಕಾಗಿ ಜನ ಬೀದಿಗಿಳಿದರು, ದೂರು ಚೆನ್ನೈನ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. 2019ರ ಸೆಪ್ಟೆಂಬರ್ 17ರಂದು ಇಂಥದೇ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ತಿರ ಹೊಲದಲ್ಲಿ ಬಿತ್ತು.

ಹಡಗಿಗೆ ಕಾವಲು ಬೇಕು, ನಿಜ. ಅದಕ್ಕಾಗಿ ತಮ್ಮ ಕಾವಲು ಬಿಟ್ಟುಕೊಟ್ಟವರ ಕುರಿ ಎಲ್ಲಿ ಮೇಯಬೇಕು? ಮೇವಿಗೆ ಬದಲಿ ಜಾಗ ಎಷ್ಟು, ಆ ಊರುಗಳ ಹುಡುಗರಿಗೆ ಕೆಲಸ ಎಷ್ಟು? ಜಿಲ್ಲಾಡಳಿತ ಇದನ್ನು ಊರೂರು ಲೆಕ್ಕ ಹಾಕಿ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ. ಓದುವುದಕ್ಕೆ ಜನ ಕಾದಿದ್ದಾರೆ.